ಹುಲ್ಲು ಹೊಡೆಯೋಕೆ ಮಿನಿ ಟ್ರ್ಯಾಕ್ಟರ್: ಕಂಪನಿ ಯಾವುದು ಅನ್ನೋದಕ್ಕಿಂತ ಮುಂಚೆ ಕೇಳಬೇಕಾದ್ದು



2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5ಕ್ಕೆ ಇಳೀತಲ್ಲ, ಅವತ್ತಿಂದ ಫೋನ್ ಮಾಡೋರು ಜಾಸ್ತಿ ಆಗಿದಾರೆ. ಎಲ್ಲರದ್ದೂ ಒಂದೇ ಪ್ರಶ್ನೆ. "ಅಣ್ಣಾ, ಅಡಿಕೆ ತೋಟದಲ್ಲಿ ಹುಲ್ಲು ಹೊಡೆಯೋಕೆ ಮಿನಿ ಟ್ರ್ಯಾಕ್ಟರ್ ತಗೋಬೇಕು, ಯಾವ ಕಂಪನಿದು ಕೈ ಕೊಡಲ್ಲ?" ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೀತಿದೀನಿ. ಉದ್ದ ಆಗುತ್ತೆ, ಬಿಡುವು ಮಾಡಿಕೊಂಡು ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹುಲ್ಲು ಹೊಡೆಯೋ ಕೆಲಸದಲ್ಲಿ ಟ್ರ್ಯಾಕ್ಟರ್ ಕೈ ಕೊಡೋದು ಇಂಜಿನ್‌ನಿಂದ ಕಡಿಮೆ, ಹಿಂದೆ ಕಟ್ಟೋ ಸ್ಲಾಷರ್‌ನಿಂದ, ಮುಂದಿನ ರೇಡಿಯೇಟರ್ ಜಾಲಿಯಿಂದ, ಇನ್ನು ಹತ್ತಿರದಲ್ಲಿ ಸಿಗದ ಬಿಡಿ ಸಾಮಾನಿನಿಂದ ಜಾಸ್ತಿ. ಅದಕ್ಕೇ ಕಂಪನಿ ಹೆಸರು ಆಮೇಲಿನ ಮಾತು. ಎರಡನೇದು, ನಾಲ್ಕು ಎಕರೆ ಒಳಗಿನ ತೋಟದವರು ಬರೀ ಹುಲ್ಲಿಗೋಸ್ಕರ ಸಾಲ ಮಾಡಿ ಒಬ್ಬರೇ ಟ್ರ್ಯಾಕ್ಟರ್ ತಗೊಳ್ಳೋದು ಬೇಡ. ಯಾಕೆ ಅಂತ ಕೆಳಗೆ ಲೆಕ್ಕ ಕೊಟ್ಟಿದೀನಿ.

ನನ್ನದು 25 ಎಚ್‌ಪಿ ಒಳಗಿನ ಫೋರ್ ವೀಲ್ ಗಾಡಿ, 2017ರಲ್ಲಿ ತಗೊಂಡಿದ್ದು. ಮೀಟರ್ ಈಗ 1,840 ಗಂಟೆ ತೋರಿಸ್ತಿದೆ. ಸ್ವಂತ ತೋಟ ಮೂರೂವರೆ ಎಕರೆ. ಮಿಕ್ಕಿದ್ದು ಔಷಧಿ ಹೊಡೆಯೋದು, ಟ್ರೇಲರ್‌ನಲ್ಲಿ ಗೊಬ್ಬರ ಸಾಗಿಸೋದು, ಅಕ್ಕಪಕ್ಕದವರ ತೋಟಕ್ಕೆ ಬಾಡಿಗೆ ಹೋಗಿದ್ದು. ಏನು ರಿಪೇರಿ ಆಯ್ತು, ಎಷ್ಟು ಗಂಟೆಗೆ ಆಯ್ತು ಅಂತ ಮೊದಲಿಂದ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದೀನಿ. ಇಷ್ಟು ಗಂಟೆಯಲ್ಲಿ ಇಂಜಿನ್ ಬಿಚ್ಚಿಲ್ಲ. ಕ್ಲಚ್ ಪ್ಲೇಟ್ ಒಂದು ಸಲ, ಮುಂದಿನ ಆಕ್ಸಲ್ ಆಯಿಲ್ ಸೀಲ್ ಎರಡು ಸಲ, ಬ್ಯಾಟರಿ ಎರಡು ಸಲ. ಸ್ಲಾಷರ್ ಕಡೆ ನೋಡಿದ್ರೆ ಗೇರ್‌ಬಾಕ್ಸ್ ಸೀಲ್ ಮೂರು ಸಲ, ಪಿಟಿಒ ಶಾಫ್ಟಿನ ಕ್ರಾಸ್ ಎರಡು ಸಲ, ಬೇರಿಂಗ್ ಒಂದು ಸೆಟ್, ಬ್ಲೇಡು ಬೋಲ್ಟು ಲೆಕ್ಕಕ್ಕಿಲ್ಲ. ನಮ್ಮ ನಾಲೆ ಸಾಲಿನಲ್ಲಿ ಇನ್ನೂ ನಾಲ್ಕು ಮಿನಿ ಟ್ರ್ಯಾಕ್ಟರ್ ಇವೆ, ಬೇರೆ ಬೇರೆ ಕಂಪನಿದು. ಅವರ ಕಥೆನೂ ಹೆಚ್ಚು ಕಡಿಮೆ ಇದೇ.

ಹುಲ್ಲು ಹೊಡೆಯೋದು ಹಗುರ ಕೆಲಸ ಅಂತ ಜನ ತಿಳ್ಕೊಂಡಿದಾರೆ. ಉಳುಮೆ ಹಾಗೆ ಎಳೆತ ಇಲ್ಲ, ನಿಜ. ಆದ್ರೆ ಉಳುಮೆಯಲ್ಲಿ ಸಾಲು ತಿರುಗಿಸುವಾಗ ಗಾಡಿಗೆ ಸ್ವಲ್ಪ ಉಸಿರು ಸಿಗುತ್ತೆ. ಸ್ಲಾಷರ್ ಕಟ್ಟಿದ್ರೆ ಪಿಟಿಒ 540ರಲ್ಲಿ ತಿರುಗಬೇಕು, ಅಂದ್ರೆ ಇಂಜಿನ್ ಬೆಳಗ್ಗೆಯಿಂದ ಸಂಜೆವರೆಗೆ ಒಂದೇ ಸಮ ಮೇಲಿನ ಆರ್‌ಪಿಎಂನಲ್ಲೇ ಓಡ್ತಿರುತ್ತೆ. ಗಾಡಿ ಮಾತ್ರ ಮೆಲ್ಲಗೆ ಹೋಗುತ್ತೆ, ತೋಟದೊಳಗೆ ಗಾಳಿ ಆಡಲ್ಲ. ಅದರ ಮೇಲೆ ಹಾರೋ ಹುಲ್ಲಿನ ಚೂರು, ಪಾರ್ಥೇನಿಯಂ ಹೂವಿನ ಪುಡಿ, ಹುಲ್ಲಿನ ಬೀಜ ಎಲ್ಲಾ ಹೋಗಿ ರೇಡಿಯೇಟರ್ ಜಾಲಿಗೆ ಕಂಬಳಿ ಹೊದ್ದಂಗೆ ಕೂರುತ್ತೆ. ಫ್ಯಾನ್ ಎಷ್ಟು ಎಳೆದ್ರೂ ಗಾಳಿ ಬರಲ್ಲ, ಇಂಜಿನ್ ಬಿಸಿ ಏರುತ್ತೆ. ಮುಳ್ಳು ಕೆಂಪಿಗೆ ಹೋದ ಮೇಲೂ "ಇನ್ನೆರಡು ಸಾಲು ಅಷ್ಟೇ" ಅಂತ ಓಡಿಸಿದ್ರೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಆಮೇಲೆ ಕಂಪನಿ ಬೈತಾರೆ. ಅದಕ್ಕೆ ಎರಡು ಗಂಟೆಗೊಂದು ಸಲ ಗಾಡಿ ಆಫ್ ಮಾಡಿ ಜಾಲಿ ನೋಡಿ. ಗಾಳಿ ಅಥವಾ ಮೆತ್ತನೆ ಬ್ರಷ್ ಸಾಕು. ಜೋರು ನೀರು ಬಿಟ್ರೆ ತೆಳ್ಳನೆ ರೆಕ್ಕೆ ಮಡಚಿಕೊಳ್ತವೆ, ಬಿಸಿ ಇಂಜಿನ್‌ಗೆ ತಣ್ಣೀರೂ ಬೇಡ. ಏರ್ ಫಿಲ್ಟರ್‌ನೂ ದಿನಾ ನೋಡಿ. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ತುಂಬಬೇಡಿ, ನಮ್ಮ ಕಡೆ ನೀರಿನ ಸುಣ್ಣ ಒಳಗೆ ಕಟ್ಟಿಕೊಳ್ಳುತ್ತೆ. ಕೂಲೆಂಟ್ ಹಾಕಿ.

ಈಗ ಸ್ಲಾಷರ್ ಅಳತೆ ವಿಷ್ಯ. ನಮ್ಮಲ್ಲಿ ಬಹಳ ಗಾಡಿ ಕೆಟ್ಟಿರೋದು ಇಲ್ಲೇ. ಒಂದು ಅಡಿ ಅಗಲಕ್ಕೆ ನಾಲ್ಕರಿಂದ ಐದು ಎಚ್‌ಪಿ ಪಿಟಿಒದಲ್ಲಿ ಸಿಗಬೇಕು ಅನ್ನೋದು ನನ್ನ ಲೆಕ್ಕ. ಪೇಪರ್ ಮೇಲೆ ಬರೆದಿರೋ ಎಚ್‌ಪಿ ಇಂಜಿನ್‌ದು, ಪಿಟಿಒಗೆ ಬರೋದು ಅದಕ್ಕಿಂತ ಕಡಿಮೆ. 18 ಎಚ್‌ಪಿ ಗಾಡಿಗೆ ನಾಲ್ಕು ಅಡಿಗಿಂತ ಹೆಚ್ಚು ಕಟ್ಟಬಾರದು, ಮೊಣಕಾಲುದ್ದ ಹುಲ್ಲಿದ್ರೆ ಅದೂ ಮೆಲ್ಲಗೆ. ಒಂಬತ್ತು ಅಡಿ ಸಾಲಿನ ತೋಟದಲ್ಲಿ ಐದು ಅಡಿ ಸ್ಲಾಷರ್ ಕಟ್ಟಿದ್ರೆ ಹೋಗಿ ಬರೋದು ಉಳಿಯುತ್ತೆ ಅಂತ ಆಸೆ ಆಗುತ್ತೆ. ಉಳಿದ ಡೀಸೆಲ್ಲೆಲ್ಲಾ ಕ್ಲಚ್ ಪ್ಲೇಟಿಗೆ ಕೊಡಬೇಕಾಗುತ್ತೆ. ಮಲ್ಚರ್ ಆದ್ರೆ ಇನ್ನೂ ಜಾಸ್ತಿ ತಾಕತ್ತು ಬೇಕು. ಸೋಗೆ, ಹಾಳೆ ಪುಡಿ ಮಾಡೋಕೆ ಅದು ಒಳ್ಳೇದು, ಆದ್ರೆ ಸಣ್ಣ ಗಾಡಿಗೆ ಕಟ್ಟೋ ಮುಂಚೆ ಬೇರೆಯವರ ತೋಟದಲ್ಲಿ ಓಡೋದು ಕಣ್ಣಾರೆ ನೋಡಿ.

ಕೆಲವು ಗಾಡೀಲಿ ಪಿಟಿಒಗೆ ಎರಡು ಸ್ಪೀಡ್ ಇರುತ್ತೆ. ಸ್ಲಾಷರ್ 540ಕ್ಕೆ ಮಾಡಿದ್ದಾದ್ರೆ 540ರಲ್ಲೇ ಓಡಿಸಿ. ಮೇಲಿನ ಸ್ಪೀಡ್‌ಗೆ ಹಾಕಿದ್ರೆ ಚೆನ್ನಾಗಿ ಕತ್ತರಿಸಿದಂಗೆ ಕಾಣುತ್ತೆ, ಬೇರಿಂಗ್ ಆಯುಷ್ಯ ಮುಗಿಯುತ್ತೆ. ಬ್ಲೇಡ್ ಬದಲಾಯಿಸುವಾಗ ಜೋಡಿ ಬದಲಾಯಿಸಿ. ಒಂದು ಹೊಸದು ಒಂದು ಹಳೇದು ಇದ್ರೆ ತೂಕ ಹೆಚ್ಚುಕಮ್ಮಿ ಆಗಿ ನಡುಗುತ್ತೆ, ಆ ನಡುಕ ಮೊದಲು ಸೀಲಿಗೆ, ಆಮೇಲೆ ಬೇರಿಂಗ್‌ಗೆ, ಕೊನೆಗೆ ಗೇರ್‌ಬಾಕ್ಸ್‌ಗೆ ಹೋಗುತ್ತೆ. ಶಿಯರ್ ಬೋಲ್ಟ್ ತುಂಡಾಯ್ತು ಅಂತ ಗಟ್ಟಿ ಬೋಲ್ಟ್ ಹಾಕೋರನ್ನ ನೋಡಿದೀನಿ. ಆ ಬೋಲ್ಟ್ ಇರೋದೇ ತುಂಡಾಗೋಕೆ ಕಣ್ರಪ್ಪಾ. ಬುಡಕ್ಕೆ, ಕಲ್ಲಿಗೆ ಬ್ಲೇಡು ಬಡಿದಾಗ ಅದು ಮುರಿದು ಗೇರ್ ಉಳಿಸುತ್ತೆ. ಹತ್ತು ಬೋಲ್ಟ್ ಟೂಲ್ ಬಾಕ್ಸ್‌ನಲ್ಲಿ ಇಟ್ಕೊಳ್ಳಿ.

ಡ್ರಿಪ್ ಪೈಪ್ ನಮ್ಮ ತೋಟಗಳ ದೊಡ್ಡ ಶತ್ರು. ಲ್ಯಾಟರಲ್ ಒಂದು ಸಲ ಬ್ಲೇಡಿಗೆ ಸಿಕ್ಕಿದ್ರೆ ಶಾಫ್ಟಿಗೆ ಸುತ್ತಿಕೊಂಡು ಸೀಲ್ ಹರಿಯುತ್ತೆ. ಆಯಿಲ್ ಸೋರೋದು ಅವತ್ತೇ ಗೊತ್ತಾಗಲ್ಲ, ಹುಲ್ಲು ಮೆತ್ತಿಕೊಂಡು ಮುಚ್ಚಿರುತ್ತೆ. ಗೇರ್‌ಬಾಕ್ಸ್ ಒಣಗಿ ಕಿರುಗುಟ್ಟಿದಾಗಲೇ ಗೊತ್ತಾಗೋದು. ದಿನದ ಕೆಲಸ ಮುಗಿದ ಮೇಲೆ ಗಾಡಿ ಆಫ್ ಮಾಡಿ, ಸ್ಲಾಷರ್ ಕೆಳಗೆ ಆಧಾರ ಕೊಟ್ಟು, ಸುತ್ತಿದ ದಾರ ಪೈಪು ಕಿತ್ತು, 90 ನಂಬರ್ ಆಯಿಲ್ ಮಟ್ಟ ನೋಡಿ, ಕ್ರಾಸ್‌ಗೆ ಗ್ರೀಸ್ ಹೊಡೀರಿ. ಕಾಲು ಗಂಟೆ ಕೆಲಸ.

ಇನ್ನೊಂದು ಮಾತು ಷೋರೂಮಿನಲ್ಲಿ ಹೆಚ್ಚಿನವರು ಹೇಳಲ್ಲ. ಸಿಂಗಲ್ ಕ್ಲಚ್ ಗಾಡಿಗೆ ಸ್ಲಾಷರ್ ಕಟ್ಟಿ ಕ್ಲಚ್ ತುಳಿದ್ರೂ ಗಾಡಿ ತಕ್ಷಣ ನಿಲ್ಲದೇ ಇರಬಹುದು. ತಿರುಗ್ತಿರೋ ಬ್ಲೇಡಿನ ರಭಸ ಪಿಟಿಒ ಮೂಲಕ ವಾಪಸ್ ಗೇರ್‌ಬಾಕ್ಸ್‌ಗೆ ಬಂದು ಚಕ್ರ ಮುಂದಕ್ಕೆ ತಳ್ಳುತ್ತೆ. ಮುಂದೆ ಅಡಿಕೆ ಮರ ಇದ್ರೆ ಮರ ಹೋಯ್ತು, ಬಸಿಗಾಲುವೆ ಇದ್ರೆ ಗಾಡಿ ಹೋಯ್ತು, ಮನುಷ್ಯ ಇದ್ರೆ ಹೇಳೋದೇ ಬೇಡ. ಪಿಟಿಒ ಶಾಫ್ಟಿಗೆ ಒಂದೇ ಕಡೆ ಹಿಡಿಯೋ, ಇನ್ನೊಂದು ಕಡೆ ಫ್ರೀ ಬಿಡೋ ಕಪ್ಲಿಂಗ್ ಸಿಗುತ್ತೆ, ಸೈಕಲ್ ಫ್ರೀವೀಲ್ ಹಾಗೆ. ಅದನ್ನ ಕೇಳಿ ಹಾಕಿಸಿ. ಸ್ಲಾಷರ್ ಹಿಂದೆ ಚೈನ್ ಪರದೆ ಇರಲೇಬೇಕು, ಕಲ್ಲು ಗುಂಡಿನ ಹಾಗೆ ಹಾರುತ್ತೆ. ಹುಲ್ಲು ಹೊಡೆಯುವಾಗ ಮಕ್ಕಳು ತೋಟದೊಳಗೆ ಬರಬಾರದು.

"ಹಂಗಾದ್ರೆ ಎಲ್ಲಾ ಕಂಪನಿನೂ ಒಂದೇನಾ?" ಅಂತ ಕೇಳ್ತೀರಿ. ಒಂದೇ ಅಲ್ಲ. ಯುವರಾಜ್ 215 ಒಂದೇ ಸಿಲಿಂಡರಿನ 15 ಎಚ್‌ಪಿ ಗಾಡಿ. ಶಕ್ತಿ ಎಂಟಿ 180ಡಿ ಮೂರು ಸಿಲಿಂಡರ್, 18.5 ಎಚ್‌ಪಿ. ನಿಯೋಸ್ಟಾರ್ 21 ಎಚ್‌ಪಿದೂ ಮೂರು ಸಿಲಿಂಡರ್. ಜಿವೋ 245 ಎರಡು ಸಿಲಿಂಡರ್, 24 ಎಚ್‌ಪಿ. ಸಿಲಿಂಡರ್ ಕಡಿಮೆ ಇದ್ರೆ ಬಿಡಿ ಭಾಗ ಕಡಿಮೆ, ಆದ್ರೆ ಕೂತೋರಿಗೆ ನಡುಕ ಜಾಸ್ತಿ. ಸಿಲಿಂಡರ್ ಜಾಸ್ತಿ ಇದ್ರೆ ಓಟ ನಯ, ಬಿಚ್ಚಿದಾಗ ಖರ್ಚು ಜಾಸ್ತಿ. ಫೋರ್ ವೀಲ್ ಇದ್ರೆ ಮಳೆಗಾಲದ ಕೆಸರಲ್ಲಿ ಹಿಡಿತ ಚೆನ್ನಾಗಿರುತ್ತೆ, ಅದರ ಜೊತೆಗೇ ಮುಂದಿನ ಆಕ್ಸಲ್ ಸೀಲ್ ನೋಡ್ಕೊಳ್ಳೋ ಕೆಲಸನೂ ಬರುತ್ತೆ. ಇವೆಲ್ಲಾ ಅವರವರ ತೋಟಕ್ಕೆ ತಕ್ಕಂಗೆ ಆರಿಸಿಕೊಳ್ಳೋದು. ಇದರಲ್ಲಿ ಯಾವುದೂ ಸ್ಲಾಷರ್ ಕಟ್ಟಿ ಓಡಲ್ಲ ಅನ್ನೋ ಗಾಡಿ ಅಲ್ಲ.

ಗಾಡಿ ನಿಜವಾಗಿ ಕೈ ಕೊಡೋದು ಜುಲೈ ತಿಂಗಳಲ್ಲಿ, ಸೀಲ್ ಸಿಗದೇ ಇದ್ದಾಗ. ಮೂರು ವರ್ಷದ ಹಿಂದೆ ನನ್ನ ಗಾಡಿಯ ಮುಂದಿನ ಆಕ್ಸಲ್ ಸೀಲ್‌ಗೆ 19 ದಿನ ಕಾದೆ. ಡೀಲರ್ ಹೆಸರು ಬೇಡ. ಷೋರೂಮಿನ ಮುಂದೆ ಆರು ಹೊಸ ಗಾಡಿ ಹೂವಿನ ಹಾರ ಹಾಕಿಕೊಂಡು ನಿಂತಿದ್ವು, ಒಳಗೆ ಒಂದು ಸೀಲ್ ಇರಲಿಲ್ಲ. ಕೇಳಿದ್ರೆ "ಆರ್ಡರ್ ಹಾಕಿದೀವಿ ಯಜಮಾನ್ರೇ" ಅಂತಿದ್ರು. ಅಷ್ಟರಲ್ಲಿ ಹುಲ್ಲು ಸೊಂಟದೆತ್ತರ ಆಯ್ತು, ಗೊಬ್ಬರ ಹಾಕೋ ಕೆಲಸ ನಿಂತು ಹೋಯ್ತು. ಗಾಡಿ ಮಾರೋಕೆ ಮನೆ ಬಾಗಿಲಿಗೆ ಬರೋರು ಸೀಲ್ ಕೊಡೋಕೂ ಬರಬೇಕು. ನೂರಾರು ಗಾಡಿ ಮಾರಿದ ತಾಲ್ಲೂಕಲ್ಲಿ ಸೀಲು, ಕ್ಲಚ್ ಪ್ಲೇಟು, ಫ್ಯಾನ್ ಬೆಲ್ಟು, ಫಿಲ್ಟರು ಮಳೆಗಾಲಕ್ಕೆ ಮುಂಚೆ ಸ್ಟಾಕ್ ಇಡೋದು ದೊಡ್ಡ ಮಾತಲ್ಲ. ನಾವು ಕೇಳಲ್ಲ, ಅವರು ಇಡಲ್ಲ. ಜಿಎಸ್‌ಟಿ ಬಿಡಿ ಭಾಗಕ್ಕೂ ಇಳಿದಿದೆ, ಬಿಲ್ ತಗೊಂಡು ನೋಡಿ.

ಅದಕ್ಕೇ ಗಾಡಿ ನೋಡೋಕೆ ಹೋದಾಗ ಸೀದಾ ಸ್ಪೇರ್ ಪಾರ್ಟ್ಸ್ ಕೌಂಟರ್‌ಗೆ ಹೋಗಿ. ಮುಂದಿನ ಆಕ್ಸಲ್ ಸೀಲ್ ಇದೆಯಾ, ಕ್ಲಚ್ ಪ್ಲೇಟ್ ಇದೆಯಾ, ತೋರಿಸಿ ಅನ್ನಿ. ಮೆಕ್ಯಾನಿಕ್ ಎಷ್ಟು ಜನ, ತೋಟಕ್ಕೆ ಬರ್ತಾರಾ, ಗಾಡಿನೇ ಅಲ್ಲಿಗೆ ತರಬೇಕಾ ಅಂತ ಕೇಳಿ. ಆಮೇಲೆ ಅದೇ ಗಾಡಿ ಸಾವಿರ ಗಂಟೆ ಓಡಿಸಿರೋ ಒಬ್ಬರನ್ನ ಹುಡುಕಿ ಮಾತಾಡಿ. ಆರು ತಿಂಗಳು ಓಡಿಸಿದೋರ ಮಾತು ಬೇಡ, ಆರು ತಿಂಗಳಲ್ಲಿ ಎಲ್ಲಾ ಗಾಡಿನೂ ಒಳ್ಳೇದೇ.

ಇನ್ನು ಲೆಕ್ಕ. ನನ್ನ ತೋಟಕ್ಕೆ ಎಕರೆಗೆ ಒಂದೂವರೆ ಗಂಟೆ ಹಿಡಿಯುತ್ತೆ. ವರ್ಷಕ್ಕೆ ನಾಲ್ಕು ಸಲ ಹೊಡೆದ್ರೆ ಮೂರೂವರೆ ಎಕರೆಗೆ 21 ಗಂಟೆ. ವರ್ಷಪೂರ್ತಿ ಕಂತು ಕಟ್ಟಿ 21 ಗಂಟೆ ಓಡಿಸೋದು ಯಾವ ನ್ಯಾಯ? ನಿಂತ ಗಾಡಿ ಓಡೋ ಗಾಡಿಗಿಂತ ಬೇಗ ಕೆಡುತ್ತೆ. ಬ್ಯಾಟರಿ ಸಾಯುತ್ತೆ, ಸೀಲ್ ಒಣಗುತ್ತೆ, ಇಲಿ ಬಂದು ವೈರ್ ಕಡಿಯುತ್ತೆ. ನಿಮ್ಮೂರಲ್ಲಿ ಗಂಟೆಗೆ ಬಾಡಿಗೆ ಎಷ್ಟೋ ಅದಕ್ಕೆ 21 ಗುಣಿಸಿ, ಒಂದು ವರ್ಷದ ಕಂತಿನ ಪಕ್ಕ ಬರೆದು ನೋಡಿ. ಔಷಧಿ, ಟ್ರೇಲರ್, ಬಾಡಿಗೆ ಕೆಲಸ ಇರೋರ ಲೆಕ್ಕ ಬೇರೆ, ಅವರು ತಗೊಳ್ಳಲಿ. ಇಲ್ಲದೋರು ಅಕ್ಕಪಕ್ಕದ ನಾಲ್ಕು ಜನ ಸೇರಿ. 15 ಎಕರೆ ಆದ್ರೆ ಹುಲ್ಲಿಗೇ 90 ಗಂಟೆ ಆಗುತ್ತೆ. ಆದ್ರೆ ಓಡಿಸೋನು ಒಬ್ಬನೇ ಇರಬೇಕು, ರಿಪೇರಿ ದುಡ್ಡು ಗಂಟೆ ಲೆಕ್ಕದಲ್ಲಿ ಹಂಚಬೇಕು, ಬಾಯಿ ಮಾತಲ್ಲಿ ಬಿಡದೆ ಬರೆದಿಡಬೇಕು. ಪಾಲುದಾರಿಕೆ ಕೆಡೋದು ಗಾಡಿಯಿಂದಲ್ಲ, ಲೆಕ್ಕದಿಂದ.

ಬ್ರಷ್ ಕಟರ್ ಸಾಕಲ್ವಾ ಅನ್ನೋರಿದಾರೆ. ಬುಡದ ಸುತ್ತ ಅದು ಹೇಗೂ ಬೇಕು, ಟ್ರ್ಯಾಕ್ಟರ್ ಅಲ್ಲಿಗೆ ಹೋಗಬಾರದು. ಎರಡು ಎಕರೆಗೆ ಅದೇ ಸಾಕು. ಅದಕ್ಕಿಂತ ಜಾಸ್ತಿ ಆದ್ರೆ ಹೆಗಲು, ಕೈ ತಡೆಯಲ್ಲ, ಆಳೂ ಸಿಗಲ್ಲ. ರೋಟಾವೇಟರ್ ಹೊಡೆದು ಹುಲ್ಲು ತೆಗೆಯೋದು ಮಾತ್ರ ಬೇಡವೇ ಬೇಡ. ಅಡಿಕೆ ಬೇರು ಮೇಲೇ ಹರಡಿರುತ್ತೆ, ಹುಲ್ಲಿನ ಜೊತೆ ಬೇರೂ ಹೋಗುತ್ತೆ. ಕತ್ತರಿಸಿದ ಹುಲ್ಲು ಅಲ್ಲೇ ಬಿದ್ದು ಮಣ್ಣಿಗೆ ಹೊದಿಕೆ ಆಗಲಿ.

ನಿಮ್ಮ ಹತ್ತಿರ ಮಿನಿ ಟ್ರ್ಯಾಕ್ಟರ್ ಇದ್ರೆ ಕೆಳಗೆ ಬರೀರಿ. ಕಂಪನಿ ಹೊಗಳೋದು ಬೈಯೋದು ಬೇಡ. ಎಷ್ಟು ಗಂಟೆ ಓಡಿದೆ, ಎಷ್ಟು ಅಡಿ ಸ್ಲಾಷರ್, ಯಾವ ಪಾರ್ಟ್ ಹೋಯ್ತು, ಎಷ್ಟು ದಿನಕ್ಕೆ ಸಿಕ್ತು, ಈ ನಾಲ್ಕು ಸಾಕು. ಐವತ್ತು ಜನ ಬರೆದ್ರೆ ಯಾವ ಪಾರ್ಟು ಎಲ್ಲಿ ಸಿಗಲ್ಲ ಅಂತ ಪಟ್ಟಿ ಮಾಡಿ ಮಳೆಗಾಲಕ್ಕೆ ಮುಂಚೆ ಡೀಲರ್‌ಗಳ ಹತ್ತಿರ ಎಲ್ಲರೂ ಸೇರಿ ಹೋಗೋಣ. ಒಬ್ಬೊಬ್ಬರೇ ಹೋದ್ರೆ ಟೀ ಕೊಟ್ಟು ಕಳಿಸ್ತಾರೆ.