ಬಿರುಗಾಳಿಯ ಬಳಿಕ

2021ರ ಮೇ ಮಾಸದಲ್ಲಿ ತೌಕ್ತೆ ಚಂಡಮಾರುತವು ಅರಬ್ಬೀ ಸಮುದ್ರದಲ್ಲಿ ಉತ್ತರಾಭಿಮುಖವಾಗಿ ಸಾಗುತ್ತ ನಮ್ಮ ಕರಾವಳಿಯನ್ನು ಬಾಧಿಸಿದಾಗ, ಉಳ್ಳಾಲ, ಸೋಮೇಶ್ವರಗಳ ತೀರದಲ್ಲಿ ಕಡಲ್ಕೊರೆತವು ತೀವ್ರಗೊಂಡು ಮನೆಗಳೂ ರಸ್ತೆಗಳೂ ಹಾನಿಗೀಡಾದುದನ್ನು ವಾಚಕರು ಮರೆತಿರಲಾರರು. ಅಂತಹ ದಿನಗಳಲ್ಲಿ ಉರುಳಿದ ಮರಗಳನ್ನು ಕಡಿಸಿ ದಾರಿ ತೆರೆಯಿಸುವ, ಕೆಸರು ತುಂಬಿದ ಚರಂಡಿಗಳನ್ನು ಬಿಡಿಸುವ ಹೊಣೆಯು ಮೊದಲು ಬಂದೆರಗುವುದು ಗ್ರಾಮ ಪಂಚಾಯತಿ, ಪುರಸಭೆಗಳ ಮೇಲೆಯೇ ಆದರೂ, ಆ ಸಂಸ್ಥೆಗಳ ಬೊಕ್ಕಸದ ಸ್ಥಿತಿಯನ್ನು ವಿಚಾರಿಸುವವರು ವಿರಳ.

ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರ ವರೆಗಿನ ಅವಧಿಗೆ ಪಂಚಾಯತಿಗಳಿಗೆಂದು ಶಿಫಾರಸು ಮಾಡಿದ ಅನುದಾನದಲ್ಲಿ ಶೇಕಡಾ 60 ಭಾಗವು ಕುಡಿಯುವ ನೀರು ಹಾಗೂ ನೈರ್ಮಲ್ಯಕ್ಕೆ ಮೀಸಲಾಗಿತ್ತು. ಊರಿನ ಇತರ ಅಗತ್ಯಗಳಿಗೆ ಒದಗುತ್ತಿದ್ದುದು ಶೇಕಡಾ 40 ಮಾತ್ರ, ಅದನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಇಷ್ಟು ಪರಿಮಿತವಾದ ದ್ರವ್ಯವನ್ನು ಚರಂಡಿಯಿಲ್ಲದ, ಮೋರಿಯಿಲ್ಲದ ರಸ್ತೆಯ ಮೇಲೆ ಡಾಂಬರು ಹಾಸುವುದಕ್ಕೆ ವ್ಯಯಿಸುವುದು ನಮ್ಮ ಮತದಲ್ಲಿ ಅಕ್ಷಮ್ಯ. ಅಂಚಿನಲ್ಲಿ ನಿಂತ ನೀರು ಅಡಿಪಾಯಕ್ಕಿಳಿದು ಜಲ್ಲಿಯನ್ನು ಸಡಿಲಗೊಳಿಸಿದ ಮೇಲೆ ಮೇಲ್ಪದರವು ಎಷ್ಟು ದಪ್ಪವಾಗಿದ್ದರೇನು?

ಜೂನ್ ತಿಂಗಳ ಮಳೆ ಆಕಸ್ಮಿಕವಲ್ಲ. ಏಪ್ರಿಲಿನಲ್ಲಿ ಆರಂಭವಾಗುವ ಆಯವ್ಯಯದಲ್ಲಿಯೇ ಮರ ತೆರವಿಗೂ ಮೋರಿ ದುರಸ್ತಿಗೂ ಪ್ರತ್ಯೇಕವಾಗಿ ಹಣವಿರಿಸಿ, ವ್ಯಯವಾದ ಪ್ರತಿಯೊಂದು ರೂಪಾಯಿಯ ವಿವರವನ್ನು ಗ್ರಾಮಸಭೆಯಲ್ಲಿ ಓದಿ ಹೇಳುವುದು ಪಂಚಾಯತಿಯ ಕರ್ತವ್ಯ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ರಾಜ್ಯದ ಪಂಚಾಯತ್ ರಾಜ್ ಅಧಿನಿಯಮವು ವಿಧಿಸಿದೆ. ಗ್ರಾಮಸ್ಥರು ಆ ಸಭೆಗೆ ತಪ್ಪದೆ ಹೋಗಿ, ತಮ್ಮ ಬೀದಿಯ ಮೋರಿಗೆ ಎಷ್ಟು ಹಣವಿದೆಯೆಂದು ಕೇಳಬೇಕೆಂದು ವಿನಂತಿಸುತ್ತೇವೆ.