ಬೆಳಗಾವಿಯ ಮೇಯರ್ ಪೀಠ

ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಕಾಡುಸೀಮೆಯಲ್ಲಿರುವ ಕುಂಬಾರವಾಡ, ಇದ್ದಲ್ಲಿಂದ ಒಂದು ಗೇಣೂ ಕದಲದೆ ಮದ್ರಾಸು, ಮುಂಬಯಿ, ಮೈಸೂರು ಮೂರರ ಆಳ್ವಿಕೆಯನ್ನೂ ಕಂಡ ಪ್ರದೇಶಕ್ಕೆ ಸೇರಿದೆ. 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. 1956ರ ನವೆಂಬರ್ 1ರಂದು ಮೈಸೂರಿಗೆ ಬಂದಿತು. 1973ರಲ್ಲಿ ಮೈಸೂರೇ ಕರ್ನಾಟಕವೆಂಬ ಹೆಸರು ತಳೆಯಿತು. ಹಳ್ಳಿಗಳ ಅಭಿಮತವನ್ನು ಗೊತ್ತುವಳಿಯಾಗಿ ಬರೆದು ಸರಕಾರಕ್ಕೆ ಮುಟ್ಟಿಸುವ ಪೀಠವೊಂದು ಅಂಥ ಕಾಡಿನಲ್ಲಿ ಎಲ್ಲಿಂದ ಬರಬೇಕು! ಆದರೆ ನೆರೆಯ ಜಿಲ್ಲೆಯ ಮುಖ್ಯ ನಗರವಾದ ಬೆಳಗಾವಿಗೆ ಅಂತಹ ಪೀಠವಿತ್ತು. ಅದರ ಮೇಲೆ ಕುಳಿತವರ ಕಥೆಯು ಆಳುವ ಸರಕಾರಗಳ ಕಥೆಯೊಡನೆ ಬಿಡಿಸಲಾಗದಂತೆ ಹೆಣೆದುಕೊಂಡಿದೆ.

ಬೆಳಗಾವಿಯ ಪುರಸಭೆ 1851ರಷ್ಟು ಹಳೆಯದು. ಕೋಟೆಯ ಆಚೆಗಿನ ದಂಡುಪ್ರದೇಶದ ಆಡಳಿತ ಬೇರೆ, ಊರಿನದು ಬೇರೆ. ಮುಂಬಯಿಯ ಆಳ್ವಿಕೆಯಲ್ಲಿ ಬೆಳೆದ ಈ ನಗರದ ಅಂಗಡಿಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಮರಾಠಿಗೆ ಹೆಚ್ಚಿನ ಮಾನ್ಯತೆಯಿದ್ದಿತು. ಸುತ್ತಲಿನ ಜಿಲ್ಲೆಯ ಬಹುಭಾಗ ಕನ್ನಡವನ್ನಾಡುತ್ತಿತ್ತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ 1924ರ ಕಾಂಗ್ರೆಸ್ ಅಧಿವೇಶನವು ಇಲ್ಲಿಯೇ ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ನಡೆಯಿತು. ಅದೇ ವರ್ಷ, ಅದೇ ಊರಿನಲ್ಲಿ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಮೊದಲ ಪರಿಷತ್ತೂ ಸೇರಿತು. ಅದಾದ ಕಾಲು ಶತಮಾನದೊಳಗೆ, 1948ರಲ್ಲಿ, ಮರಾಠಿ ಭಾಷಿಕರ ಬಹುಮತವಿದ್ದ ಪುರಸಭೆಯು ಬೆಳಗಾವಿಯನ್ನು ಸಂಯುಕ್ತ ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಕೇಳಿಕೊಂಡಿತು. ಒಂದೇ ನೆಲದ ಮೇಲೆ ಎರಡು ನಾಡುಗಳ ಕನಸು!

ದೀಪ, ಚರಂಡಿ, ಕುಡಿಯುವ ನೀರುಗಳನ್ನು ನೋಡಿಕೊಳ್ಳಲೆಂದು ಹುಟ್ಟಿದ ಸಭೆಯೊಂದು ನಾಡಿನ ಎಲ್ಲೆಯನ್ನು ಕುರಿತು ಮಾತನಾಡತೊಡಗಿದ್ದು ಹೀಗೆ. ಕೇಳಿಕೆ ಕೈಗೂಡಲಿಲ್ಲ. 1956ರಲ್ಲಿ ಚಂದಗಡ ತಾಲ್ಲೂಕು ಮುಂಬಯಿಯಲ್ಲಿ ಉಳಿದು, ಬೆಳಗಾವಿ ಜಿಲ್ಲೆಯ ಮಿಕ್ಕ ಭಾಗ ಮೈಸೂರಿಗೆ ಬಂದಿತು. ಮುಂದೆ 1966ರಲ್ಲಿ ಕೇಂದ್ರವು ಮಹಾಜನ ಆಯೋಗವನ್ನು ನೇಮಿಸಿತು. 1967ರ ವರದಿಯಲ್ಲಿ ಕೆಲವು ಹಳ್ಳಿಗಳನ್ನು ಆ ಕಡೆಗೂ ಕೆಲವನ್ನು ಈ ಕಡೆಗೂ ಹಂಚಿದ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರು ಬೆಳಗಾವಿ ನಗರವು ಮೈಸೂರಿನಲ್ಲಿಯೇ ಇರತಕ್ಕದ್ದೆಂದರು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. ಅದರ ಬೇಡಿಕೆಯ ಪಟ್ಟಿಯಲ್ಲಿ ಬೆಳಗಾವಿಯ ಜೊತೆಗೆ ಕಾರವಾರ, ಹಳಿಯಾಳ ಹಾಗೂ ಸೂಪಾ ಸೀಮೆಗಳೂ ಇದ್ದವು. ಇಂದಿನ ಜೋಯಿಡಾ ಎಂದರೆ ಹಿಂದಿನ ಸೂಪಾ ತಾಲ್ಲೂಕೇ. ಹಾಗಾಗಿ ಬೆಳಗಾವಿಯ ಪುರಭವನದಲ್ಲಿ ಎದ್ದ ಮಾತು ಕುಂಬಾರವಾಡದಂತಹ ಊರುಗಳಿಗೂ ತಗಲುತ್ತಿತ್ತು. ಅಲ್ಲಿಯವರಿಗೆ ಆ ಸಭೆಯಲ್ಲಿ ಮತವಿರಲಿಲ್ಲವೆಂಬುದು ಬೇರೆ ಮಾತು.

1976ರಲ್ಲಿ ಬೆಳಗಾವಿ ಮಹಾನಗರಪಾಲಿಕೆಯಾಯಿತು. ಅಧ್ಯಕ್ಷನ ಬದಲು ಮೇಯರ್ ಬಂದ. ಈ ಹುದ್ದೆಯ ಸ್ವರೂಪವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕರ್ನಾಟಕದ 1976ರ ಪಾಲಿಕೆಗಳ ಶಾಸನದಂತೆ ಮೇಯರನ ಅವಧಿ ಒಂದೇ ವರ್ಷ. ಹಣ, ಕಡತ, ನೌಕರವರ್ಗಗಳೆಲ್ಲ ಸರಕಾರವು ನೇಮಿಸಿದ ಆಯುಕ್ತರ ಕೈಯಲ್ಲಿ. ಸಭೆಯ ಅಧ್ಯಕ್ಷತೆ, ನಗರದ ಮೊದಲ ಪ್ರಜೆಯೆಂಬ ಗೌರವ, ಒಂದು ವಾಹನ: ಇಷ್ಟೇ ಮೇಯರನ ಸಂಪತ್ತು. ಕೈಯಲ್ಲಿ ಕೆಲಸ ಕಡಿಮೆಯಿದ್ದವನಿಗೆ ಮಾತೇ ಅಧಿಕಾರವಾಗುವುದು ಸಹಜ. ಆ ಮಾತನ್ನು ಬೆಳಗಾವಿಯಲ್ಲಿ ಬಹುಕಾಲ ಆಡಿದವರು ಮಹಾರಾಷ್ಟ್ರ ಏಕೀಕರಣ ಸಮಿತಿಯವರು. ಯಾವ ರಾಷ್ಟ್ರೀಯ ಪಕ್ಷದ ಚಿಹ್ನೆಯೂ ಅಲ್ಲಿನ ಪಾಲಿಕೆಯ ಕಣದಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಮೇಯರ್ ಮರಾಠಿಯವನೋ ಕನ್ನಡದವನೋ ಎಂಬುದೊಂದೇ ಪ್ರಶ್ನೆ. 1990ರ ದಶಕದ ಆರಂಭದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಕನ್ನಡ ಮೇಯರಾದಾಗ ನಾಡಿನ ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿ. ನಳದಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆಯೇ ಎಂಬುದು ಸುದ್ದಿಯಾಗಿರಲಿಲ್ಲ.

ಘರ್ಷಣೆ ಕುದಿದು ಉಕ್ಕಿದ್ದು 2005ರಲ್ಲಿ. ಗಡಿಯ ವ್ಯಾಜ್ಯವನ್ನು ಮಹಾರಾಷ್ಟ್ರವು ಹಿಂದಿನ ವರ್ಷವಷ್ಟೇ ಸುಪ್ರೀಂ ಕೋರ್ಟಿಗೆ ಒಯ್ದಿತ್ತು. ವಿಜಯ ಮೋರೆಯವರು ಮೇಯರಾಗಿದ್ದಾಗ, ಅಕ್ಟೋಬರ್ ಕೊನೆಯಲ್ಲಿ, ಗಡಿಭಾಗವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂಬ ಠರಾವನ್ನು ಪಾಲಿಕೆ ಮಂಜೂರು ಮಾಡಿತು. ನವೆಂಬರಿನಲ್ಲಿ ಮೋರೆಯವರು ಬೆಂಗಳೂರಿಗೆ ಬಂದಾಗ ಕನ್ನಡ ಹೋರಾಟಗಾರರು ಅವರ ಮುಖಕ್ಕೆ ಮಸಿ ಬಳಿದರು. ಠರಾವನ್ನು ಎಷ್ಟೇ ಖಂಡಿಸಲಿ, ಒಂದು ನಗರದ ಮೊದಲ ಪ್ರಜೆಗೆ ರಾಜಧಾನಿಯಲ್ಲಿ ಆದ ಆ ಸತ್ಕಾರವನ್ನು ಮೆಚ್ಚುವುದು ಕಷ್ಟ. ಸಮಿತಿಗೆ ಅದಕ್ಕಿಂತ ಒಳ್ಳೆಯ ಪ್ರಚಾರ ಬೇರೆ ದೊರಕುತ್ತಿರಲಿಲ್ಲ. ಅದೇ ತಿಂಗಳಲ್ಲಿ ಧರ್ಮಸಿಂಗರ ಸರಕಾರ ಪಾಲಿಕೆಯನ್ನು ವಿಸರ್ಜಿಸಿತು. ಮರುವರ್ಷದ ಸೆಪ್ಟೆಂಬರಿನಲ್ಲಿ, ಬೇರೊಂದು ಸರಕಾರವು ವಿಧಾನಮಂಡಲದ ಅಧಿವೇಶನವನ್ನೇ ಬೆಳಗಾವಿಗೆ ತಂದು ನಡೆಸಿತು.

ಹೊಸ ಚುನಾವಣೆಯಾಗಿ ಪ್ರಶಾಂತ ಬುಡವಿಯವರೆಂಬ ಕನ್ನಡಿಗರು ಪೀಠವೇರಿದರು. ಸಮಸ್ಯೆ ತೀರಿತೆಂದು ಬೆಂಗಳೂರು ಉಸಿರು ಬಿಡುವಷ್ಟರಲ್ಲಿ 2011 ಬಂದಿತು. ಆ ವರ್ಷದ ನವೆಂಬರ್ 1ರಂದು, ನಾಡೆಲ್ಲ ರಾಜ್ಯೋತ್ಸವ ಆಚರಿಸುತ್ತಿರುವಾಗ, ಮೇಯರ್ ಮಂದಾ ಬಾಳೇಕುಂದ್ರಿಯವರು ಸಮಿತಿಯ ಕರಾಳ ದಿನಾಚರಣೆಯಲ್ಲಿ ಪಾಲ್ಗೊಂಡರು. ಡಿಸೆಂಬರಿನಲ್ಲಿ ಸದಾನಂದಗೌಡರ ಸರಕಾರವು ಪಾಲಿಕೆಯ ವಿಸರ್ಜನೆಗೆ ಆಜ್ಞೆಯಿತ್ತಿತು. ಆರು ವರ್ಷಗಳ ಅಂತರದಲ್ಲಿ ಆಳುವ ಪಕ್ಷ ಬದಲಾಗಿತ್ತು, ಮದ್ದು ಬದಲಾಗಿರಲಿಲ್ಲ. ಮದ್ದು ಫಲಿಸಿತೇ? 2013ರಲ್ಲಿ ಮತದಾರರು ಮತ್ತೆ ಸಮಿತಿಯವರನ್ನೇ ಹೆಚ್ಚಾಗಿ ಆರಿಸಿದರು. ಮಹೇಶ ನಾಯಿಕ, ಕಿರಣ ಸಾಯನಾಕ, ಸರಿತಾ ಪಾಟೀಲ, ಸಂಜ್ಯೋತ ಬಾಂದೇಕರ ಎಂದು ನಾಲ್ಕು ವರ್ಷ ಒಂದೇ ಕಡೆಯವರು ಸಾಲಾಗಿ ಮೇಯರಾದರು.

ಬಲದಿಂದ ಆಗದ ಬದಲಾವಣೆಯನ್ನು ಒಂದು ಮೀಸಲಾತಿಯ ಕಾಗದ ಸದ್ದಿಲ್ಲದೆ ಮಾಡಿತು. 2018ರಲ್ಲಿ ಮೇಯರ್ ಸ್ಥಾನವು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿ ಬಂದಿತು. ಸಮಿತಿಯ ಗುಂಪಿನಲ್ಲಿ ಆ ವರ್ಗದ ಸದಸ್ಯರೇ ಇರಲಿಲ್ಲ. ಬಹುಮತವನ್ನು ಕೈಯಲ್ಲಿಟ್ಟುಕೊಂಡೇ ಅದು ನೋಡುತ್ತ ಕುಳಿತಿತು; ಕನ್ನಡ ಗುಂಪಿನ ಬಸಪ್ಪ ಚಿಕ್ಕಲದಿನ್ನಿಯವರು ಮೇಯರಾದರು.

2019ರಲ್ಲಿ ಆ ಸಭೆಯ ಅವಧಿ ಮುಗಿಯಿತು. ಬಳಿಕ ಎರಡು ವರ್ಷಕ್ಕೂ ಮೀರಿ ಪೀಠ ಬರಿದಾಗಿತ್ತು, ಆಡಳಿತ ಅಧಿಕಾರಿಗಳದು. 2020ರ ಡಿಸೆಂಬರಿನಲ್ಲಿ ಹೋರಾಟಗಾರರು ಪಾಲಿಕೆಯ ಕಚೇರಿಯ ಮುಂದೆ ಕನ್ನಡ ಬಾವುಟ ನೆಟ್ಟಾಗ ಬೇಕು ಎನ್ನಲಿಕ್ಕಾಗಲಿ ಬೇಡ ಎನ್ನಲಿಕ್ಕಾಗಲಿ ಒಳಗೆ ಮೇಯರ್ ಎಂಬವರು ಇರಲಿಲ್ಲ. 2021ರ ಸೆಪ್ಟೆಂಬರಿನ ಚುನಾವಣೆಯಲ್ಲಿ ಪಕ್ಷಗಳು ತಮ್ಮ ಚಿಹ್ನೆಗಳೊಡನೆ ಕಣಕ್ಕಿಳಿದವು. 58 ಸ್ಥಾನಗಳಲ್ಲಿ 35ನ್ನು ಭಾರತೀಯ ಜನತಾ ಪಕ್ಷ ಗೆದ್ದಿತು. ಸಮಿತಿಯವರು ಬೆರಳೆಣಿಕೆಗೆ ಇಳಿದರು. ಸೋಜಿಗವೆಂದರೆ, ಗೆದ್ದವರಿಗೂ ಪೀಠ ಕೂಡಲೇ ದಕ್ಕಲಿಲ್ಲ. ಮತ ಎಣಿಸಿ ಹದಿನೇಳು ತಿಂಗಳಾದ ಮೇಲೆ, 2023ರ ಫೆಬ್ರವರಿ 6ರಂದು, ಶೋಭಾ ಸೋಮನಾಚೆಯವರು ಮೇಯರಾಗಿ ಆಯ್ಕೆಯಾದರು. ಅವರ ಮನೆಮಾತು ಮರಾಠಿ. ಅವರನ್ನು ಆರಿಸಿದ ಪಕ್ಷ ಅಂದು ಬೆಂಗಳೂರಿನಲ್ಲಿ ಆಳುತ್ತಿದ್ದ ಪಕ್ಷ. ಹಳೆಯ ಲೆಕ್ಕದಲ್ಲಿ ಇವೆರಡು ಒಂದೆಡೆ ಕೂಡುವಂತೆಯೇ ಇರಲಿಲ್ಲ.

ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಸರಕಾರ ಕಾಂಗ್ರೆಸ್ಸಿನದಾಯಿತು. 2024ರ ಫೆಬ್ರವರಿಯಲ್ಲಿ ಮೇಯರ್ ಪೀಠಕ್ಕೆ ಬಂದವರು ಭಾರತೀಯ ಜನತಾ ಪಕ್ಷದ ಸವಿತಾ ಕಾಂಬಳೆಯವರು, ಕನ್ನಡ ಮಾತಾಡುವವರು. ಈಗ ಜಗಳ ನಗರದ ಪಕ್ಷಕ್ಕೂ ರಾಜ್ಯದ ಪಕ್ಷಕ್ಕೂ. ರಕ್ಕಸಕೊಪ್ಪದ ಕೆರೆಯಿಂದಲೂ ಹಿಡಕಲ್ಲಿನ ಜಲಾಶಯದಿಂದಲೂ ಬರುವ ನೀರನ್ನು ಎಲ್ಲ ವಾರ್ಡುಗಳಿಗೂ ಸಮನಾಗಿ ಮುಟ್ಟಿಸಬೇಕಾದ ಕೆಲಸ ಮಾತ್ರ ಇಷ್ಟು ಮೇಯರುಗಳನ್ನೂ ದಾಟಿ ಪಾಲಿಕೆಯ ಮೇಜಿನ ಮೇಲೆಯೇ ಉಳಿಯಿತು.