ಔಷಧಿ ಕೋಳಿಗಲ್ಲ, ಮೊದಲು ಗೂಡಿಗೆ

ತೋಟಕ್ಕೆ ಹೊಡೆದು ಉಳಿದ ಕೀಟನಾಶಕವನ್ನೇ ಬಕೆಟ್ ನೀರಿಗೆ ಬೆರೆಸಿ ಕೋಳಿಗಳನ್ನು ಅದ್ದಿ ತೆಗೆಯುವುದನ್ನು ಗುಬ್ಬಿ, ಕುಣಿಗಲ್ ಕಡೆ ನಾನು ಈಗಲೂ ನೋಡ್ತೀನಿ. ತುಮಕೂರು ನಗರದಲ್ಲಿ ತಾರಸಿ ಮೇಲೆ ನಾಲ್ಕು ಕೋಳಿ ಸಾಕುವವರು ಇರುವೆ ಪುಡಿ ಉದುರಿಸ್ತಾರೆ. ಎರಡೂ ಬೇಡ. ಕೋಳಿ ತನ್ನ ಗರಿಗಳನ್ನು ಕೊಕ್ಕಿನಿಂದಲೇ ತಿದ್ದಿಕೊಳ್ಳುತ್ತೆ. ಮೈಮೇಲೆ ಬಿದ್ದ ವಿಷ ಅದರ ಹೊಟ್ಟೆಗೆ ಹೋಗಿ ಮೊಟ್ಟೆಗೂ ಸೇರಬಹುದು. ಆ ಮೊಟ್ಟೆ ತಿನ್ನೋದು ನಮ್ಮನೆ ಮಕ್ಕಳೇ. ಹಳಬರು ಇನ್ನೂ ನೆನೆಸಿಕೊಳ್ಳುವ ಗಮಾಕ್ಸಿನ್, ಅಂದರೆ ಬಿ.ಎಚ್.ಸಿ. ಪುಡಿ, 1997ರಲ್ಲೇ ನಿಷೇಧವಾಗಿದೆ.

ಅದಕ್ಕಿಂತ ಮುಖ್ಯವಾದ ಮಾತೆಂದರೆ, ಎಷ್ಟೋ ಸಲ ನಾವು ಔಷಧಿ ಹಾಕೋ ಜಾಗದಲ್ಲಿ ಶತ್ರು ಇರೋದೇ ಇಲ್ಲ. ಹೇನು ಹುಟ್ಟಿನಿಂದ ಸಾಯೋ ತನಕ ಕೋಳಿ ಮೈಮೇಲೇ ಇರುತ್ತೆ, ನಿಜ. ಬಾಲದಡಿ ಗರಿ ಬಿಡಿಸಿದರೆ ಓಡಾಡೋದು ಕಾಣುತ್ತೆ, ಗರಿ ಬುಡದಲ್ಲಿ ಬಿಳಿ ಮೊಟ್ಟೆಯ ಗಂಟೂ ಸಿಗುತ್ತೆ. ಆದರೆ ಕೆಂಪು ನುಸಿ ಮತ್ತು ಬೆಳೆದ ಕೋಳಿ ಉಣ್ಣೆ ಹಗಲೆಲ್ಲ ಗೂಡಿನ ಬಿರುಕು, ಹಲಗೆ ಸಂದಿ, ಮಂಕರಿಯ ಹೆಣಿಗೆಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರಿ ವಾಪಸ್ ಹೋಗುತ್ತವೆ. ಉಣ್ಣೆಯಂತೂ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಗೂಡನ್ನು ಎರಡು ವಾರ ಖಾಲಿ ಬಿಟ್ಟೆ, ಸರಿಹೋಯ್ತು ಅನ್ನೋ ಲೆಕ್ಕ ಅದರ ಹತ್ತಿರ ನಡೆಯಲ್ಲ.

ತೋಟಗಾರಿಕೆ ಓದುವಾಗ ತೆಂಗಿನ ನುಸಿ ಬಗ್ಗೆ ಪುಟಗಟ್ಟಲೆ ಬರೆದವನು ನಾನು. ಕೋಳಿ ನುಸಿ ಗೊತ್ತಾಗಿದ್ದು ಮಾತ್ರ ಒಂದು ಹೇಂಟೆಯಿಂದ. ಕಾವಿಗೆ ಕೂತು ಹದಿನೈದು ದಿನವಾಗಿತ್ತು, ಇನ್ನಾರು ದಿನ ಕೂತಿದ್ದರೆ ಮರಿ. ಎದ್ದು ಹೋದದ್ದು ಮತ್ತೆ ಮೊಟ್ಟೆ ಮೇಲೆ ಕೂರಲೇ ಇಲ್ಲ. ಇದಕ್ಕೆ ತಾಯ್ತನವೇ ಇಲ್ಲ ಅಂತ ಬೈದೆ. ರಾತ್ರಿ ಟಾರ್ಚ್ ಬಿಟ್ಟು ಮಂಕರಿ ತಿರುಗಿಸಿದರೆ ಕೆಂಪು ಚುಕ್ಕಿಗಳು ಹರಿದಾಡುತ್ತಿದ್ದವು, ಒರೆಸಿದ ಬೆರಳಿಗೆ ರಕ್ತ. ಪಾಪ, ಅದು ಎಷ್ಟು ರಾತ್ರಿ ಸಹಿಸಿತ್ತೋ!

ಈಗ ಪ್ರತಿ ಕಾವಿಗೂ ಮೊದಲು ಹಳೇ ಹುಲ್ಲು ಸುಟ್ಟು, ಮಂಕರಿಗೆ ಕುದಿಯೋ ನೀರು ಸುರಿದು, ಬಿಸಿಲಿಗೆ ಒಣಗಿಸ್ತೀನಿ. ಗೂಡಿನ ಬಿರುಕಿಗೆ ಸಿಮೆಂಟ್ ಮೆತ್ತಿ, ಸುಣ್ಣ ಬಳಿಯಬೇಕು. ಒಂದೇ ಸಲಕ್ಕೆ ಮುಗಿಯಲ್ಲ. ಬೇಸಿಗೆಯಲ್ಲಿ ನುಸಿಯ ಹೊಸ ಪೀಳಿಗೆಗೆ ಒಂದು ವಾರ ಸಾಕು, ಹಾಗಾಗಿ ಏಳು ದಿನಕ್ಕೆ ಮತ್ತೆ ತೊಳೀಬೇಕು. ಹೇನಿಗೆ ಒಣ ಮಣ್ಣು, ಜರಡಿ ಹಿಡಿದ ಒಲೆ ಬೂದಿ ಬೆರೆಸಿದ ಗುಂಡಿ ಇದ್ದರೆ ಕೋಳಿಗಳೇ ಹೊರಳಾಡಿ ಬಹಳಷ್ಟು ಕಡಿಮೆ ಮಾಡಿಕೊಳ್ತವೆ. ತಾರಸಿಯಲ್ಲಿ ಮಣ್ಣೇ ಇರಲ್ಲವಲ್ಲ, ಅಲ್ಲಿ ಹಳೇ ಟಬ್ ಇಡಿ, ಮಳೆ ನೀರು ಬೀಳದ ಹಾಗೆ.

ನಮ್ಮ ಸಾವಯವ ಬಳಗಕ್ಕೂ ಒಂದು ಮಾತು. ಎಲ್ಲಕ್ಕೂ ಬೇವಿನೆಣ್ಣೆ ಅಂತ ಕೂತ್ಕೋಬೇಡಿ. ಜುಟ್ಟು ಬಿಳಿಚಿಕೊಂಡು, ಕಾಲು ಸೋತು, ಮೇವು ಬಿಟ್ಟ ಕೋಳಿಯನ್ನು ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಉಣ್ಣೆ ಕಡಿತದಿಂದ ಜ್ವರ, ಲಕ್ವ ಎರಡೂ ಬರಬಹುದು. ಅಂಥ ಗೂಡಿಗೆ ಪಶುಗಳಿಗೆಂದೇ ಇರುವ ಔಷಧಿ ಹೊಡೆಯೋದರಲ್ಲಿ ನನಗೇನೂ ಮಡಿವಂತಿಕೆ ಇಲ್ಲ. ಅಳತೆ ಎಷ್ಟು, ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಡಾಕ್ಟರ ಹತ್ತಿರ ಬರೆಸಿಕೊಂಡೇ ಬನ್ನಿ.